ಕರೆಯುವ ಮೊದಲಿನ ಮುಖ

ಅವರು ತಂದುಕೊಟ್ಟ ಫೋಟೋಗಳಲ್ಲಿ ಹುಡುಗನಿಗೆ ಕಿವಿಗಳೇ ಇರಲಿಲ್ಲ. ಒಂದರಲ್ಲಿ ಹೆಲ್ಮೆಟ್ಟು ಮುಚ್ಚಿತ್ತು, ಇನ್ನೊಂದರಲ್ಲಿ ಯಾರದೋ ಮದುವೆಯ ಪೇಟ ಮುಚ್ಚಿತ್ತು. ಮೂರನೆಯದು ಸೇನೆಯ ಗುರುತಿನ ಚೀಟಿಯ ಫೋಟೋ. ಅದನ್ನು ದೊಡ್ಡದು ಮಾಡಿ, ಹಿಂದೆ ತ್ರಿವರ್ಣ ಧ್ವಜ ಹಾಕುವ ಭರದಲ್ಲಿ ಬ್ಯಾನರಿನವನು ಎರಡೂ ಕಿವಿಗಳನ್ನು ಅರ್ಧಕ್ಕೆ ಕೊಯ್ದುಹಾಕಿದ್ದ. ಇವಿಷ್ಟನ್ನು ನನ್ನ ಮೇಜಿನ ಮೇಲೆ ಹರಡಿ, ವಡೋದರಾದ ಮಂಜಲ್‌ಪುರ ಬಡಾವಣೆಯ ಹೌಸಿಂಗ್ ಸೊಸೈಟಿಯೊಂದರ ಅಧ್ಯಕ್ಷರು, “ಇಷ್ಟು ಸಾಕಲ್ಲ, ಬೇನ್?” ಎಂದು, ಅಕ್ಕ ಅನ್ನುವ ಗುಜರಾತಿ ಮಾತು ಸೇರಿಸಿ, ಹಿಂದಿಯಲ್ಲಿ ಕೇಳಿದರು.

ಸಾಕಾಗುವುದಿಲ್ಲ. ಮುಖ ಅಂದರೆ ಜನ ಕಣ್ಣು, ಮೂಗು, ಬಾಯಿ ಅಂದುಕೊಳ್ಳುತ್ತಾರೆ. ಮಣ್ಣಿನಲ್ಲಿ ಮುಖ ಮಾಡುವವರಿಗೆ ಅದು ಸುತ್ತಲೂ ಇರುವ ವಸ್ತು. ಕೆನ್ನೆ ಕಿವಿಯ ಕಡೆಗೆ ಹೇಗೆ ಹೊರಳುತ್ತದೆ, ದವಡೆ ಕುತ್ತಿಗೆಯೊಳಗೆ ಎಲ್ಲಿ ಇಳಿಯುತ್ತದೆ ಎಂಬುದು ಗೊತ್ತಾಗದಿದ್ದರೆ ಮುಂದುಗಡೆ ಮನುಷ್ಯ, ಪಕ್ಕದಿಂದ ತೆಂಗಿನಕಾಯಿ. ಹಾಗೆಂದು ಹೇಳಿದೆ. ಅಧ್ಯಕ್ಷರು ನಕ್ಕು, “ಅದೆಲ್ಲ ನಿಮಗೆ ಬಿಟ್ಟಿದ್ದು. ಮೀಸೆ ಮಾತ್ರ ಸ್ವಲ್ಪ ಭಾರಿಯಾಗಿರಲಿ, ಕಣ್ಣಲ್ಲಿ ಬೆಂಕಿ ಇರಲಿ. ಜೋಶ್, ಬೇನ್, ಜೋಶ್!” ಎಂದರು.

ಹುಡುಗ ಆ ಸೊಸೈಟಿಯಲ್ಲೇ ಆಡಿ ಬೆಳೆದವನು. ಸೇನೆ ಸೇರಿ ಕೆಲವೇ ವರ್ಷಗಳಾಗಿದ್ದವು. ಗಡಿಯ ಗುಡ್ಡಗಾಡಿನಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಸತ್ತಾಗ ಅವನಿಗೆ ಇಪ್ಪತ್ತಮೂರು. ಅವನು ತೀರಿಕೊಂಡು ವರ್ಷ ತುಂಬುವ ದಿನ ಸೊಸೈಟಿಯ ಎದುರಿನ ಉದ್ಯಾನದ ಮೂಲೆಯಲ್ಲಿ ಅವನ ಎದೆಮಟ್ಟದ ಕಂಚಿನ ಪ್ರತಿಮೆ ನಿಲ್ಲಿಸುವುದೆಂದು ಅಲ್ಲಿಯವರು ತೀರ್ಮಾನಿಸಿದ್ದರು. ಅಧ್ಯಕ್ಷರು ತಮ್ಮ ಪ್ಲೈವುಡ್ ಅಂಗಡಿಯನ್ನು ತಮ್ಮನ ಕೈಗೊಪ್ಪಿಸಿ ಪಾಲಿಕೆಯ ಅನುಮತಿಗಾಗಿ ಅಲೆಯುತ್ತಿದ್ದರು. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿರಲಿಲ್ಲ. ಮೀಸೆಯ ಬಗ್ಗೆ ಇತ್ತು.

ಅವರ ಜೊತೆ ಬಂದಿದ್ದ ಒಬ್ಬರು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದರು. ಮಾತಿನ ನಡುವೆ, ಮಣ್ಣಿಗೆ ಆಧಾರವಾಗಿ ಕಟ್ಟುವ ಕಬ್ಬಿಣದ ಹಂದರದ ತಂತಿ ನನ್ನ ಹೆಬ್ಬೆರಳಿಗೆ ಚುಚ್ಚಿತು. “ಎವ್ವಾ! ಇದರ ಮಾರಿಗೆ ಬೆಂಕಿ ಹಚ್ಚ!” ಎಂದು ನನ್ನ ಬಾಯಿಂದ ಬಂದದ್ದೇ ತಡ, ಅವರು ತಲೆಯೆತ್ತಿದರು.

“ನಮ್ಮ ಕಡೆಯವ್ರೇನ್ರಿ ಬಾಯಾರ?”

“ಧಾರವಾಡದಾಕಿ ಅದೀನ್ರಿ.”

“ನಾವು ಗದಗ ಕಡೆಯವ್ರು. ರೇಲ್ವೆ ಸಿಗ್ನಲ್ಲಿನ್ಯಾಗ ಅದೀನಿ.” ಮೇಜಿನ ಮೇಲಿದ್ದ ಫೋಟೋಗಳ ಕಡೆ ಕೈ ತೋರಿಸಿ, “ಅಂವ ನನ್ನ ಮಗಾರಿ,” ಎಂದರು.

ಬೆಂಕಿಯ ಮಾತು ಆಡಿದ್ದಕ್ಕೆ ನಾಲಿಗೆ ಕಚ್ಚಿಕೊಂಡೆ. ಅವರು ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಶಿಲ್ಪ ಕಲಿಯಲು ವಡೋದರಾಕ್ಕೆ ಬಂದು ಇಲ್ಲೇ ನೆಲೆ ನಿಂತ ಮೇಲೆ, ಕೆಲಸದ ಜಾಗದಲ್ಲಿ ನನ್ನ ಕನ್ನಡ ಬೈಗುಳಕ್ಕಷ್ಟೇ ಉಳಿದಿತ್ತು. ಆ ದಿನದಿಂದ ಅದಕ್ಕೆ ಬೇರೆ ಕೆಲಸವೂ ಸಿಕ್ಕಿತು.

ಫೋಟೋ ಬದಲು ವಸ್ತು ತನ್ನಿ ಎಂದು ತಂದೆಗೆ ಹೇಳಿದೆ. ಪಡೆಯವರು ಮರಳಿಸಿದ ಟ್ರಂಕಿನಿಂದ ಸೈನಿಕರ ಓರೆ ಟೋಪಿಯನ್ನು ತಂದರು. ತಲೆಯ ಸುತ್ತಳತೆ ಅದರಲ್ಲಿ ಸಿಕ್ಕಿತು. ಬೈಕಿನ ಹೆಲ್ಮೆಟ್ ತಂದರು. ಒಳಗಿನ ಸ್ಪಂಜು ಯಾವ ಕಡೆ ಹೆಚ್ಚು ಒತ್ತಿಹೋಗಿದೆಯೋ ಅದರಿಂದ ತಲೆಯ ಹಿಂಭಾಗದ ಉಬ್ಬು ತಿಳಿಯಿತು. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ತಂಪು ಕನ್ನಡಕ. ಮೂಗಿನ ಸೇತುವೆಯಿಂದ ಕಿವಿಯ ಹಿಂದಿನ ಕೊಕ್ಕೆಯವರೆಗಿನ ಉದ್ದ, ಎರಡು ಕಣತಲೆಗಳ ನಡುವಿನ ಅಗಲ, ಎಲ್ಲವನ್ನೂ ಅದು ಹೇಳಿತು. ಕಿವಿಯ ಆಕಾರವನ್ನು ಮಾತ್ರ ಯಾವ ವಸ್ತುವೂ ಹೇಳಲಿಲ್ಲ. “ಅಂವಂದು ನಂದಽ ಕಿವಿ ಅಂತಿದ್ರಿ ಎಲ್ಲಾರೂ,” ಎಂದರು ತಂದೆ. ಅವರನ್ನೇ ಸ್ಟೂಲಿನ ಮೇಲೆ ಕೂರಿಸಿ, ಕ್ಯಾಲಿಪರ್ ಹಿಡಿದು ಅಳತೆ ತೆಗೆದು ಕಿವಿ ಮಾಡಿದೆ. ವಯಸ್ಸಾದಂತೆ ಕಿವಿ ಜೋಲುತ್ತದೆ, ಅಷ್ಟನ್ನು ಕಳೆದೆ.

ಆಮೇಲೆ ಅವನ ಗೆಳೆಯರ ಫೋನಿನಿಂದ ಒಂದಷ್ಟು ಸೆಲ್ಫಿಗಳು ಬಂದವು. ಅಲ್ಲೊಂದು ಮೋಸವಿದೆ. ಸೈನಿಕರ ಟೋಪಿಯ ಬಿಲ್ಲೆ ಎಡಗಣ್ಣಿನ ಮೇಲೆ ಬರುತ್ತದೆ, ಟೋಪಿ ಬಲಕ್ಕೆ ಇಳಿದಿರುತ್ತದೆ. ಸೆಲ್ಫಿಯಲ್ಲಿ ಬಿಲ್ಲೆ ಬಲಗಣ್ಣಿನ ಮೇಲಿತ್ತು. ಅಂದರೆ ಫೋನು ಕನ್ನಡಿಯ ಹಾಗೆ ಎಡಬಲ ಅದಲುಬದಲು ಮಾಡಿತ್ತು. ಮೇಲೆದ್ದ ಹುಬ್ಬು, ಒಂದು ಕಡೆ ಸ್ವಲ್ಪ ಹೆಚ್ಚು ತುಂಬಿದ ಕೆನ್ನೆ ಎಲ್ಲವನ್ನೂ ಇನ್ನೊಂದು ಬದಿಗೆ ದಾಟಿಸಿಕೊಂಡೆ. ಇಷ್ಟೆಲ್ಲ ಪತ್ತೇದಾರಿ ಮಾಡಿದ ಮೇಲೆ ನನಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವೇ ಬಂದಿತ್ತು.

ಮಣ್ಣಿನ ಕೆಲಸ ಮುಗಿಯುತ್ತ ಬಂದಾಗ ಸೊಸೈಟಿಯ ಸಮಿತಿಯವರು ನೋಡಲು ಬಂದರು. ಮೀಸೆಯ ವಿಷಯದಲ್ಲಿ ಅವರೂ ನಾನೂ ಅರ್ಧರ್ಧ ದಾರಿ ಬಂದು ರಾಜಿಯಾದೆವು. ದವಡೆ ಬಿಗಿಯಾಗಿತ್ತು, ನೋಟ ನೇರವಾಗಿತ್ತು. ಅಧ್ಯಕ್ಷರು ಪ್ರತಿಮೆಗೊಂದು ಸಲ್ಯೂಟು ಹೊಡೆದರು, ಅವರ ಕಣ್ಣು ಒದ್ದೆಯಾಗಿತ್ತು. ತಂದೆ ಸುತ್ತು ಬಂದು ನೋಡಿ, “ಚಲೋ ಆಗೇತ್ರಿ,” ಎಂದರು. ಅವರು ಕಬ್ಬಿಣದ ಹಂದರಕ್ಕೂ ಹಾಗೇ ಅಂದಿದ್ದರು, ಬರೀ ಮಣ್ಣಿನ ಮುದ್ದೆಗೂ ಹಾಗೇ ಅಂದಿದ್ದರು. ಆದ್ದರಿಂದ ಆ ಮಾತಿಗೆ ಎಷ್ಟು ತೂಕ ಕೊಡಬೇಕೆಂದು ನನಗೆ ತಿಳಿಯಲಿಲ್ಲ.

“ಮನಿಯವ್ರನ್ನ ಒಮ್ಮೆ ಕರಕೊಂಡು ಬರ್ರಿ,” ಎಂದೆ.

“ಆಕಿ ಬರೂದಿಲ್ರಿ. ಅವನ ಬ್ಯಾನರ್ ಕಟ್ಟಿದ ರಸ್ತೆ ಬಿಟ್ಟು ಸುತ್ತ ಹಾಕ್ಕೊಂಡು ಕಾಯಿಪಲ್ಲೆಕ್ಕ ಹೋಗ್ತಾಳ.”

ಆಗ ಅವರು ಹೇಳಿದ ಸಂಗತಿ ನನಗೆ ಅದುವರೆಗೆ ಗೊತ್ತಿರಲಿಲ್ಲ. ಅಹಮದಾಬಾದಿನ ವಿಮಾನ ನಿಲ್ದಾಣದಿಂದ ಸೇನೆಯ ಲಾರಿಯಲ್ಲಿ ಬಂದ ಪೆಟ್ಟಿಗೆಯನ್ನು ಮನೆಯಲ್ಲಿ ತೆರೆಯಲಿಲ್ಲ. ತೆರೆಯುವುದು ಬೇಡ ಎಂದು ಜೊತೆಗೆ ಬಂದ ಅಧಿಕಾರಿ ತಂದೆಯ ಕೈ ಹಿಡಿದು ಕೇಳಿಕೊಂಡಿದ್ದರು. ಹಾಗಾಗಿ ತಾಯಿ ಕಂಡದ್ದು ಪೆಟ್ಟಿಗೆ, ಅದರ ಮೇಲಿನ ಧ್ವಜ, ಮತ್ತು ಲಾರಿಯ ಮುಂದೆ ಕಟ್ಟಿದ್ದ ಆ ಬ್ಯಾನರಿನ ಫೋಟೋ ಮಾತ್ರ.

ಅಚ್ಚು ತೆಗೆಯುವವರು ಮರುದಿನ ಬರುವುದಿತ್ತು. ಮಣ್ಣು ಒಣಗದಂತೆ ಒದ್ದೆ ಬಟ್ಟೆ ಸುತ್ತುತ್ತಿದ್ದೆ. ಆಟೋ ನಿಂತ ಸದ್ದಾಯಿತು. ತಂದೆ ಮುಂದೆ, ಅವರ ಹಿಂದೆ ತಾಯಿ. ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಕೈಯಲ್ಲಿ ಕಾಯಿಪಲ್ಲೆಯ ಚೀಲ ಹಾಗೇ ಇತ್ತು. ಪೇಟೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಆಟೋದವನಿಗೆ ಅವರೇ ಈ ಕಡೆ ತಿರುಗಿಸು ಎಂದರಂತೆ.

ನಾನು ಬಟ್ಟೆ ಬಿಚ್ಚಿದೆ. ಅವರು ದೂರದಿಂದ ನೋಡಿದರು, ಹತ್ತಿರ ಬಂದು ನೋಡಿದರು, ಟೋಪಿ ನೋಡಿದರು, ಕಿವಿ ನೋಡಿ ಗಂಡನ ಕಡೆ ಒಮ್ಮೆ ತಿರುಗಿದರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು:

“ಇವ್ರು ಯಾರ್ರಿ?”

ಬಿಚ್ಚಿದ ಒದ್ದೆ ಬಟ್ಟೆಯನ್ನು ನಾನು ಮಡಚತೊಡಗಿದೆ. ಅವರೇ ಮುಂದುವರಿಸಿದರು:

“ಭಾಳ ಚಲೋ ಅದಾರ್ರಿ ಇವ್ರು. ಸಾಹೇಬ್ರಂಗ ಕಾಣಸ್ತಾರ. ತಪ್ಪು ತಿಳ್ಕೋಬ್ಯಾಡ ತಂಗಿ, ನೀ ಕಷ್ಟ ಪಟ್ಟೀದಿ. ಖರೇ ಹೇಳ್ಲೇನು? ಫೋಟೋ ನೋಡಿ ನೋಡಿ ಅವನ ಮಾರಿನ ಮರ್ತು ಹೋಗೇತಿ ನನಗ. ಕಣ್ಣು ಮುಚ್ಚಿದ್ರ ಬ್ಯಾನರ್ ಬರ್ತೈತಿ. ಮಗಾ ಬರೂದಿಲ್ಲ. ಇಲ್ಲಿ ಸಿಗತಾನೇನೋ ಅಂತ ಬಂದ್ನಿ.”

ಮೊದಲು ನನಗೆ ಬಂದದ್ದು ಸಿಟ್ಟು. ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿಲ್ಲ, ಕಿವಿಯಂತೂ ಸಾಕ್ಷಾತ್ ತಂದೆಯದೇ. ಇನ್ನೇನು ಮಾಡಬೇಕು ನಾನು? ಅವರು ಹೋದ ಮೇಲೆ ಆ ಮಣ್ಣಿನ ತಲೆಯ ಎದುರು ಕೂತು ಚಹ ಕುಡಿದೆ. ‘ಇವ್ರು’ ಅನ್ನುವ ಆ ಒಂದು ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ನಮ್ಮ ಕಡೆ ತಾಯಿ ಮಗನಿಗೆ ‘ಇವ್ರು’ ಅನ್ನುವುದಿಲ್ಲ, ಅವನು ಕಲೆಕ್ಟರ್ ಆದರೂ ಅನ್ನುವುದಿಲ್ಲ. ಆಕೆ ಪ್ರತಿಮೆಯನ್ನು ಹಳಿದಿರಲಿಲ್ಲ. ಪರಿಚಯವಿಲ್ಲದ ದೊಡ್ಡ ಮನುಷ್ಯನೊಬ್ಬನಿಗೆ ಸಲ್ಲಬೇಕಾದ ಗೌರವ ಕೊಟ್ಟು ಎದ್ದು ಹೋಗಿದ್ದರು. ನಾನು ನಿಜಕ್ಕೂ ಮಾಡಿದ್ದು ಅಂಥವನನ್ನೇ, ಬ್ಯಾನರಿನವನನ್ನೇ ಮೂರು ಆಯಾಮದಲ್ಲಿ. ಅಚ್ಚಿನವರಿಗೆ ಫೋನು ಮಾಡಿ ಬರಬೇಡಿ ಎಂದೆ.

ಅಧ್ಯಕ್ಷರು ಬೇಸರಪಟ್ಟುಕೊಂಡರು. “ತಾಯಿಗೆ ಯಾವ ಪ್ರತಿಮೆ ತಾನೆ ಮಗನ ಹಾಗೆ ಕಾಣುತ್ತದೆ, ಬೇನ್? ಮಳೆಗಾಲ ಎದುರಿಗಿದೆ,” ಎಂದರು. ಅವರ ಮಾತು ತಪ್ಪಲ್ಲ. ಒಂದಿಷ್ಟು ಕಾಲಾವಕಾಶ ಕೇಳಿ, ಚೀಲದಲ್ಲಿ ಸ್ವಲ್ಪ ಮಣ್ಣು ಕಟ್ಟಿಕೊಂಡು ಹುಡುಗನ ಮನೆಗೆ ಹೋದೆ.

ಎರಡನೆಯ ಮಹಡಿಯ ಮನೆ. ತಾಯಿ ರೊಟ್ಟಿ ಬಡಿಯುತ್ತಿದ್ದರು. “ಹೆಂಗ ಇದ್ದ?” ಎಂದು ಕೇಳಿದರೆ ಯಾವ ತಾಯಿಯೂ “ಚಲೋ ಇದ್ದ” ಅನ್ನುತ್ತಾಳೆ, ಅದರಿಂದ ಮಣ್ಣಿಗೆ ಏನೂ ಸಿಗುವುದಿಲ್ಲ. ಅದಕ್ಕೇ “ಕನ್ನಡ ಬರ್ತಿತ್ತೇನ್ರಿ ಅವಗ?” ಎಂದು ಕೇಳಿದೆ.

ರೊಟ್ಟಿ ಬಡಿಯುವ ಕೈ ನಿಂತಿತು. ಅವರು ನಕ್ಕರು. ಆ ಮನೆಯವರು ಯಾರೂ ನಕ್ಕಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಅವನ ಕನ್ನಡ ಏನ ಕೇಳ್ತಿ! ಸಾಲಿ ಗುಜರಾತಿ, ಗೆಳ್ಯಾರು ಗುಜರಾತಿ. ‘ಪಪ್ಪಾ ಬಂತು, ಮಾಮಾ ಹೋತು’ ಅಂತಿದ್ದ. ಆಡು ಕುರಿ ಬಂದಂಗ! ಊರಿಗೆ ಹೋದ್ರ ನಮ್ಮ ಅತ್ತಿ ನಕ್ಕು ನಕ್ಕು ಸಾಯ್ತಿದ್ರು.”

“ನಿಮಗೇನಂತ ಕರೀತಿದ್ದ?”

“ಅದಽ ದೊಡ್ಡ ಕತಿ,” ಎಂದು ಅವರು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. “ಕೆಳಗಿನ ಮನಿಯಾಗ ಒಬ್ಬ ಅಜ್ಜಿ ಇದ್ರು. ಓಣಿ ಹುಡುಗ್ರೆಲ್ಲ ಅವ್ರಿಗೆ ‘ಬಾ’ ಅನ್ನಾವ್ರು. ಗುಜರಾತಿಯೊಳಗ ‘ಬಾ’ ಅಂದ್ರ ಅವ್ವ. ನನಗೇನು ಗೊತ್ತು? ಹೊಸದಾಗಿ ಬಂದಾಕಿ, ಗುಜರಾತಿ ಒಂದಕ್ಷರ ಬರ್ತಿದ್ದಿಲ್ಲ. ಇಂವ ಕೆಳಗ ನಿಂತು, ಮ್ಯಾಲ ಮಾರಿ ಮಾಡಿ, ‘ಬಾ!’ ಅಂತ ಒದರಾಂವ. ಕರ್ಯಾಕತ್ತಾನಲ್ಲ ಅಂತ ನಾ ತವಾದ ಮ್ಯಾಲ ರೊಟ್ಟಿ ಬಿಟ್ಟು ದಡದಡ ಇಳದು ಹೋಗಾಕಿ. ಅಂವ ನೋಡಿದ್ರ ‘ನೀ ಯಾಕ ಬಂದಿ? ನೀರು ಬೇಕಂತ ಹೇಳಾಕ ಕರದ್ನಿ’ ಅನ್ನಾಂವ. ಅಂವ ಅವ್ವ ಅಂತಿದ್ದ, ನಾ ಬಾ ಅಂದಾ ಅಂತ ತಿಳೀತಿದ್ನಿ.”

“ಆಮ್ಯಾಲ ಗೊತ್ತಾತಲ್ರಿ?”

“ಗೊತ್ತಾತು. ಗೊತ್ತಾದ ಮ್ಯಾಲೂ ಇಳದಽ ಹೋಗ್ತಿದ್ನಿ. ಬಾ ಅಂದ ಮ್ಯಾಲ ಹೋಗಬೇಕಲ್ಲ ತಂಗಿ? ಅಂವ ರಜಾಕ್ಕ ಬಂದಾಗೂ ಅಷ್ಟ. ಅಷ್ಟೆತ್ತರ ಬೆಳದಾಂವ, ಬೈಕ್ ನಿಲ್ಲಿಸಿ ಕೆಳಗಿಂದನಽ ‘ಬಾ!’ ಅಂತಿದ್ದ.”

ಎಲ್ಲಿ ನಿಲ್ಲುತ್ತಿದ್ದ ಎಂದು ಕೇಳಿದೆ. ನನ್ನನ್ನು ಬಾಲ್ಕನಿಗೆ ಕರೆದುಕೊಂಡು ಹೋಗಿ ಕೆಳಗೆ ಬೇವಿನ ಮರದ ಪಕ್ಕದ ನೀರಿನ ತೊಟ್ಟಿ ತೋರಿಸಿದರು. “ಅಲ್ಲೆ ನಿಂತು, ಹಿಂಗ ಮಾಡಾಂವ ನೋಡು,” ಎಂದು ಗದ್ದ ಎತ್ತಿ, ತುಟಿಗಳನ್ನು ಒತ್ತಿ ಹಿಡಿದರು. ‘ಬಾ’ ಇನ್ನೂ ಹೊರಗೆ ಬಿದ್ದಿರಲಿಲ್ಲ. ಕೂಡಿದ ತುಟಿಗಳ ಹಿಂದೆ ಉಸಿರು ತುಂಬಿ ನಿಂತಿತ್ತು. ಕೆನ್ನೆ ಒಂದಿಷ್ಟು ಉಬ್ಬಿ, ಬಾಯಿಯ ಎರಡೂ ತುದಿ ಒಳಕ್ಕೆ ಸರಿದು, ಮೂಗಿನ ಹೊಳ್ಳೆ ಅರಳಿತ್ತು.

ಸೆಲ್ಫಿಗಳಲ್ಲಿ ನಾನು ಗಂಟೆಗಟ್ಟಲೆ ಹುಡುಕಿದ್ದ ಬಾಯಿ ಅದು. ಮಗನ ಬಾಯಿ ತಾಯಿಯ ಮುಖದಲ್ಲಿ ಇಷ್ಟು ದಿನ ಇತ್ತು, ನಾನು ತಂದೆಯ ಕಿವಿ ಹಿಡಿದುಕೊಂಡು ಕೂತಿದ್ದೆ.

“ಅಕ್ಕಾರ, ಇನ್ನೊಮ್ಮೆ ಮಾಡ್ರಿ. ಹಂಗಽ ತಡೀರಿ, ಅನಬ್ಯಾಡ್ರಿ,” ಎಂದೆ. ಬಾಲ್ಕನಿಯ ಕಟ್ಟೆಯ ಮೇಲೆ ಮಣ್ಣಿಟ್ಟುಕೊಂಡು ಬರೀ ಬಾಯಿ, ಗದ್ದ ಮಾಡತೊಡಗಿದೆ. ಇದು ಕ್ರೂರ ಕೆಲಸವೆಂದು ಗೊತ್ತಿತ್ತು. ಅವರು ಎಷ್ಟು ಸಲ ತುಟಿ ಕೂಡಿಸಿದರೋ, ಪ್ರತಿ ಸಲವೂ ಆ ಮಾತು ಹೊರಗೆ ಬರದೆ ಒಳಗೇ ಹೋಯಿತು. ಒಂದು ಸಲ ಮಾತ್ರ ತಡೆಯಲಾರದೆ ಜೋರಾಗಿ ‘ಬಾ’ ಎಂದುಬಿಟ್ಟರು. ಕೆಳಗೆ ಸೈಕಲ್ ಹೊಡೆಯುತ್ತಿದ್ದ ಮಗುವೊಂದು ತಲೆ ಎತ್ತಿ ನೋಡಿತು. ಅವರು ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದರು. ನಾನೂ ಅತ್ತೆ, ಆದರೆ ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಗದ್ದದ ಆ ಇಳಿಜಾರು ಕೈತಪ್ಪುತ್ತಿತ್ತು.

ಕೆಲಸದ ಮನೆಗೆ ಮರಳಿದ ಮೇಲೆ ತೊಡಕು ಎದುರಾಯಿತು. ಬಾಯಿ ಮಾತ್ರ ಬದಲಿಸಿದರೆ ಸಾಲದು. ಎರಡನೆಯ ಮಹಡಿಯತ್ತ ನೋಡುವವನ ಕುತ್ತಿಗೆ ಹಿಂದಕ್ಕೆ ವಾಲಬೇಕು, ಗಂಟಲು ಚಾಚಬೇಕು. ಅಂದರೆ ತಲೆಯನ್ನೇ ಕತ್ತರಿಸಿ, ಹಂದರ ಬಗ್ಗಿಸಿ, ಮತ್ತೆ ಕೂರಿಸಬೇಕು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ಕುಂಬಾರಳೂ ನಾನೇ, ದೊಣ್ಣೆಯೂ ನಾನೇ. ಹೋಗಲಿ ಅಂದರೆ ಅದಕ್ಕಿಂತ ದೊಡ್ಡದೊಂದು ಸಮಸ್ಯೆ ಇತ್ತು. ಉದ್ಯಾನದಲ್ಲಿ ಆಳೆತ್ತರದ ಪೀಠ ಆಗಲೇ ಎದ್ದು ನಿಂತಿತ್ತು. ಅಷ್ಟು ಎತ್ತರದಲ್ಲಿ ಮೇಲ್ಮುಖವಾದ ತಲೆಯನ್ನಿಟ್ಟರೆ ಕೆಳಗಿನವರಿಗೆ ಕಾಣುವುದು ಗದ್ದದ ತಳ ಮತ್ತು ಮೂಗಿನ ಹೊಳ್ಳೆ ಮಾತ್ರ. ಎತ್ತರದ ಪೀಠಕ್ಕೆ ನಾವು ತಲೆಯನ್ನು ಸ್ವಲ್ಪ ಬಗ್ಗಿಸುವುದೇ ರೂಢಿ. ಈ ಮುಖ ಕಾಣಬೇಕಾದರೆ ಪೀಠವನ್ನು ಸೊಂಟದ ಮಟ್ಟಕ್ಕೆ ಇಳಿಸಬೇಕು.

ರಾತ್ರಿಯೆಲ್ಲ ಯೋಚಿಸುವ ಗೋಜಿಗೆ ಹೋಗಲಿಲ್ಲ. ಯೋಚಿಸಿದರೆ ಧೈರ್ಯ ಕೆಡುತ್ತದೆ. ಮಣ್ಣು ಕತ್ತರಿಸುವ ತಂತಿ ಎಳೆದು ಕುತ್ತಿಗೆ ಕೊಯ್ದೆ, ಆಮೇಲೆ ಸಮಿತಿಯನ್ನು ಕರೆಸಿದೆ.

ರುಂಡ ಒಂದು ಕಡೆ, ಎದೆ ಒಂದು ಕಡೆ ಇದ್ದದ್ದನ್ನು ನೋಡಿ ಅಧ್ಯಕ್ಷರು ಹೌಹಾರಿದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಬಾಯಿಯ ವಿಷಯಕ್ಕೆ ಒಪ್ಪಿದರು. ಪೀಠದ ಮಾತು ಬಂದಾಗ ಮಾತ್ರ ಅವರ ದನಿ ಏರಿತು. “ಹುತಾತ್ಮನನ್ನು ಸೊಂಟದ ಮಟ್ಟಕ್ಕೆ ಇಳಿಸುವುದೇ? ಜನ ಅವನನ್ನು ತಲೆಯೆತ್ತಿ ನೋಡಬೇಕು, ಬೇನ್! ಅವನು ನಮ್ಮನ್ನು ತಲೆಯೆತ್ತಿ ನೋಡುವುದೇ? ಅದು ಅವಮಾನ.”

ಕಲೆಯ ಮಾತೇನೋ ಹೇಳಲು ಹೊರಟೆ. ಅಷ್ಟರಲ್ಲಿ ಬಾಗಿಲ ಹತ್ತಿರದ ಸ್ಟೂಲಿನಿಂದ ತಂದೆ ಎದ್ದರು. ಅವರು ತಮ್ಮ ಒರಟು ಗುಜರಾತಿಯಲ್ಲಿ ಹೇಳಿದ್ದು ಇಷ್ಟು: “ಭಾಯ್, ನೀವು ಅವನನ್ನು ಎತ್ತರಕ್ಕೆ ಏರಿಸಿದ್ದೀರಿ, ನಮಗೆ ಹೆಮ್ಮೆ. ಊರಿಗೆಲ್ಲ ಕಾಣುತ್ತಾನೆ. ಆದರೆ ಅವನ ತಾಯಿಗೆ ಅಲ್ಲಿ ಕೈ ಎಟುಕುವುದಿಲ್ಲ.” ಎಂದವರೇ ಮತ್ತೆ ಕೂತರು. ಅಧ್ಯಕ್ಷರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಹೊರಗೆ ಹೋಗಿ ಬಹಳ ಹೊತ್ತು ಫೋನಿನಲ್ಲಿ ಯಾರೊಂದಿಗೋ ವಾದ ಮಾಡಿ ಬಂದರು. “ಗಾರೆಯವನು ನಾಳೆ ಬಂದು ಪೀಠ ಒಡೆಯುತ್ತಾನೆ. ನನ್ನನ್ನು ಬೈಯುತ್ತಿದ್ದಾನೆ,” ಎಂದರು.

ತಲೆಯನ್ನು ಹಿಂದಕ್ಕೆ ವಾಲಿಸಿ ಕೂರಿಸಿದೆ. ದವಡೆಯ ಬಿಗಿ ಬಿಡಿಸಿದೆ. ಮೀಸೆಯನ್ನು ಅದು ನಿಜವಾಗಿ ಎಷ್ಟಿತ್ತೋ ಅಷ್ಟಕ್ಕೇ ಇಳಿಸಿದೆ. ಕೂಡಿದ ತುಟಿ ಮಣ್ಣಿನಲ್ಲಿ ಸುಲಭದ್ದಲ್ಲ. ಸ್ವಲ್ಪ ಹೆಚ್ಚು ಒತ್ತಿದರೆ ಸಿಟ್ಟಿನ ಮುಖ, ಸ್ವಲ್ಪ ಸಡಿಲಿಸಿದರೆ ನಿದ್ದೆಯ ಮುಖ. ಎರಡರ ನಡುವೆ ಉಸಿರು ನಿಲ್ಲುವ ಜಾಗವೊಂದಿದೆ. ನನ್ನ ತುಟಿಯನ್ನೇ ಕನ್ನಡಿಯಲ್ಲಿ ಕೂಡಿಸಿ ನೋಡಿಕೊಳ್ಳುತ್ತ, ಬಾಲ್ಕನಿಯ ಮಣ್ಣಿನ ತುಂಡನ್ನು ಪಕ್ಕದಲ್ಲಿಟ್ಟುಕೊಂಡು ಆ ಜಾಗ ಹುಡುಕಿದೆ.

ಅಚ್ಚು ತೆಗೆದು, ಮೇಣದ ಮುಖ ಮಾಡಿ, ಅದಕ್ಕೆ ಲೋಹ ಹರಿಯುವ ದಾರಿ, ಗಾಳಿ ಹೊರಹೋಗುವ ದಾರಿ ಜೋಡಿಸಿ, ಸುತ್ತಲೂ ಪ್ಲಾಸ್ಟರು ಮತ್ತು ಇಟ್ಟಿಗೆ ಪುಡಿಯ ಗಟ್ಟಿ ಕವಚ ಕಟ್ಟಿದೆವು. ಅದನ್ನು ಮಕರಪುರದ ಎರಕದ ಕಾರ್ಖಾನೆಗೆ ಸಾಗಿಸುವ ಹೊತ್ತಿಗೆ ಮಳೆ ಹಿಡಿದಿತ್ತು. ಕವಚವನ್ನು ಗೂಡಿನಲ್ಲಿ ಸುಟ್ಟು ಮೇಣವನ್ನೆಲ್ಲ ಹರಿಸಿ, ಒಳಗಿನ ತೇವದ ಹನಿಯನ್ನೂ ಬಿಡದೆ ಓಡಿಸಬೇಕು. ಅಲ್ಲಿನ ಉಸ್ತಾದ್ ಗೂಡಿನ ಬಾಯಿಗೆ ಕನ್ನಡಿ ತುಂಡು ಹಿಡಿದು ಆವಿ ಕಟ್ಟುತ್ತದೆಯೇ ಎಂದು ನೋಡುತ್ತಿದ್ದರು. ಕಟ್ಟಲಿಲ್ಲ. ಮೂಸೆಯಲ್ಲಿ ಕಂಚು ಕರಗಿ ಕಿತ್ತಳೆ ಬಣ್ಣಕ್ಕೆ ಬಂತು, ಸುರಿದೆವು. ಕವಚದೊಳಗಿಂದ ಗುಡುಗುಡು ಸದ್ದು ಬಂತು. ಉಸ್ತಾದ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಎಲ್ಲೋ ತೇವ ಉಳಿದಿತ್ತು.

ತಣ್ಣಗಾದ ಮೇಲೆ ಒಡೆದು ನೋಡಿದರೆ ಟೋಪಿ, ಕಣ್ಣು, ಕಿವಿ ಎಲ್ಲ ಚೆನ್ನಾಗಿ ಬಂದಿದ್ದವು. ಕೆಳತುಟಿ ಇರಲಿಲ್ಲ. ಅಲ್ಲಿ ಅನಿಲ ಸಿಕ್ಕಿಕೊಂಡು ಗದ್ದದವರೆಗೆ ಜೇನುಗೂಡಿನಂತೆ ತೂತಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದನ್ನು ಇಷ್ಟು ಅಕ್ಷರಶಃ ನಾನು ಎಂದೂ ಕಂಡಿಲ್ಲ. ತುಂಡು ಬೆಸೆದು, ಅರದಿಂದ ಉಜ್ಜಿ ಸರಿಮಾಡಬಹುದು ಎಂದರು ಉಸ್ತಾದ್. ಬೇರೆ ಎಲ್ಲಿ ಆಗಿದ್ದರೂ ನಾನು ಒಪ್ಪುತ್ತಿದ್ದೆ. ತುಟಿಯನ್ನು ಬೆಸೆದರೆ ಅದು ಬೆಸೆದ ತುಟಿಯೇ, ಉಸಿರು ಹಿಡಿದ ತುಟಿಯಲ್ಲ. ಕರಗಿಸಿ ಎಂದೆ. ಅಚ್ಚು ಉಳಿದಿತ್ತು, ಮೇಣ ಮತ್ತೆ ಸುರಿದೆವು. ಎರಡನೆಯ ಕವಚವನ್ನು ಉಸ್ತಾದ್ ಸುಟ್ಟ ಮೇಲೂ ಗೂಡಿನಿಂದ ತೆಗೆಯದೆ ಕಾದರು. ಅಧ್ಯಕ್ಷರು ದಿನಾ ಬಂದು ಗೂಡಿನ ಎದುರು ಕೂತು ಎದ್ದು ಹೋಗುತ್ತಿದ್ದರು. ಎರಡನೆಯ ಸಲ ಸುರಿದಾಗ ಕವಚ ಸದ್ದು ಮಾಡಲಿಲ್ಲ.

ಬಣ್ಣ ಕೊಡುವಾಗ ನನಗೊಂದು ಭಯ ಹುಟ್ಟಿತು. ಅದನ್ನು ಯಾರಿಗೂ ಹೇಳಲಿಲ್ಲ. ಕರೆಯಲು ಹೊರಟ ಬಾಯಿಯನ್ನು ಕಂಚಿನಲ್ಲಿ ನಿಲ್ಲಿಸಿದ್ದೇನೆ. ಅದು ಎಂದಿಗೂ ಕರೆಯುವುದಿಲ್ಲ. ದಿನಾ ಕಾಯಿಪಲ್ಲೆಗೆ ಹೋಗುವ ದಾರಿಯಲ್ಲಿ ಆ ತಾಯಿ ಈ ಮುಖ ನೋಡಬೇಕು. ಬ್ಯಾನರಿನವನಿಂದ ತಪ್ಪಿಸಿಕೊಳ್ಳಲು ಬೇರೆ ರಸ್ತೆಯಾದರೂ ಇತ್ತು. ನಾನು ಉಪಕಾರ ಮಾಡಿದೆನೋ, ವಾಸಿಯಾಗದ ಗಾಯವೊಂದನ್ನು ಉದ್ಯಾನದ ಮೂಲೆಯಲ್ಲಿ ನೆಟ್ಟೆನೋ ತಿಳಿಯಲಿಲ್ಲ. ಮುಗಿದ ಪ್ರತಿಮೆಯನ್ನು ಮೊದಲೇ ನೋಡಲು ಬರುತ್ತೀರಾ ಎಂದು ತಾಯಿಗೆ ಹೇಳಿಕಳಿಸಿದೆ. “ಎಲ್ಲಾರ ಜೋಡಿನಽ ನೋಡ್ತೀನಿ,” ಎಂದರಂತೆ.

ಅನಾವರಣದ ದಿನ ಮಳೆ ಬಿಡುವು ಕೊಟ್ಟಿತ್ತು. ಪೀಠ ತಗ್ಗಿದ್ದರ ಬೇಸರವನ್ನು ಅಧ್ಯಕ್ಷರು ವೇದಿಕೆಯಲ್ಲಿ ತೀರಿಸಿಕೊಂಡಿದ್ದರು. ಪ್ರತಿಮೆಯ ಎದುರಿಗೇ ಎತ್ತರದ ವೇದಿಕೆ, ಅದಕ್ಕೆ ಕೆಂಪು ಹಾಸಿನ ಮೆಟ್ಟಿಲುಗಳು. ತಾಯಿಯನ್ನು ಅತಿಥಿಗಳ ನಡುವೆ ಮೇಲೆ ಕೂರಿಸಿದ್ದರು. ತಂದೆ ಮೇಲೆ ಹೋಗದೆ ನನ್ನ ಪಕ್ಕ, ಕೆಳಗೆ ನಿಂತಿದ್ದರು. ಭಾಷಣಗಳಾದವು. ಪಡೆಯಿಂದ ಬಂದಿದ್ದ ಯುವಕನೊಬ್ಬ ಸಲ್ಯೂಟು ಮಾಡಿ ಬಟ್ಟೆ ಸರಿಸಿದ.

ಅಷ್ಟು ಎತ್ತರದ ವೇದಿಕೆಯಿಂದ ನೋಡಿದರೆ ಆ ಮುಖ ಹೇಗೆ ಕಾಣಬಹುದೆಂದು ನಾನು ಲೆಕ್ಕ ಹಾಕಿರಲಿಲ್ಲ. ಈಗ ಕಂಡಿತು. ಅವನು ಸೀದಾ ತಾಯಿಯನ್ನೇ ನೋಡುತ್ತಿದ್ದ.

ಚಪ್ಪಾಳೆ ನಿಂತಿತು. ನಿರೂಪಕ ಮೈಕಿನಲ್ಲಿ, ವೀರನ ತಾಯಿ ಕೆಳಗೆ ಬಂದು ಹಾರ ಹಾಕಬೇಕೆಂದು ಗುಜರಾತಿಯಲ್ಲಿ ಕೇಳಿಕೊಂಡ. ತಾಯಿ ಕದಲಲಿಲ್ಲ. ನಿರೂಪಕ ಇನ್ನೊಮ್ಮೆ ಕರೆದ. ಪಕ್ಕದ ಅತಿಥಿ ಬಗ್ಗಿ ಏನೋ ಹೇಳಿದರು, ಅವರಿಗೆ ಕೇಳಿಸಿದಂತಿರಲಿಲ್ಲ. ಜನ ಪಿಸುಗುಟ್ಟತೊಡಗಿದರು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನಿಸಿತ್ತು.

ಆಗ ತಾಯಿ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದರು. ಕೆಲಸದ ನಡುವೆ ಕರೆಸಿಕೊಂಡ ಹೆಂಗಸಿನ ಸಣ್ಣ ಸಿಡುಕಿನಲ್ಲಿ, ಇಡೀ ಉದ್ಯಾನಕ್ಕೆ ಕೇಳುವ ಹಾಗೆ ಅಂದರು:

“ಬಂದ್ನಿ, ತಡಿಯೋ! ಬಂದ್ನಿ!”

ತನಗೇ ಉತ್ತರ ಬಂತೆಂದುಕೊಂಡ ನಿರೂಪಕ ಮೈಕಿನಲ್ಲಿ ವಿನಯದಿಂದ “ಆವೋ ಬೇನ್, ಆವೋ” ಎಂದ. ತಂದೆ ನನ್ನ ಮೊಣಕೈ ಹಿಡಿದುಕೊಂಡರು. ಹಾರದ ತಟ್ಟೆ ಹಿಡಿದು ನಿಂತವರನ್ನು ಆಕೆ ಕಣ್ಣೆತ್ತಿಯೂ ನೋಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಂಪು ಹಾಸಿನ ಮೆಟ್ಟಿಲುಗಳನ್ನು ದಡದಡ ಇಳಿದು ಹೋದರು.